ಅತ್ತೆಗೆ ಕೊಟ್ಟ ರಕ್ತ

ನನ್ನ ಸೋದರಮಾವನಿಗೆ ಶಲವಡಿಯಲ್ಲಿ ಒಳ್ಳೆಯ ಹೆಸರಿತ್ತು. ಎರೆಹೊಲ, ಜೋಡೆತ್ತು, ಬಾಗಿಲಿಗೆ ಹಿತ್ತಾಳೆ ಚಿಲಕ ಇದ್ದ ದೊಡ್ಡ ಮನೆ. ಅದಕ್ಕಿಂತ ಹೆಚ್ಚಾಗಿ ಅವನ ಮಾತಿಗೆ ತೂಕವಿತ್ತು. ಅಣ್ಣತಮ್ಮಂದಿರು ಹೊಲದ ಬಾಂದಿನ ಕಲ್ಲಿಗಾಗಿ ಜಗಳಾಡಿದರೆ ಬಿಡಿಸಲು ಅವನನ್ನೇ ಕರೆಯುತ್ತಿದ್ದರು. ನನ್ನಪ್ಪ ಅಣ್ಣಿಗೇರಿಯ ಹತ್ತಿ ಮಿಲ್ಲಿನಲ್ಲಿ ಕೂಲಿಗಿದ್ದ. ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ಅವ್ವ ಬಾಡಿಗೆ ಮನೆ ಬಿಟ್ಟು ತವರಿಗೆ ಹೋಗಲಿಲ್ಲ, ಮಾವನೂ ನಮ್ಮನ್ನು ಕೈಬಿಡಲಿಲ್ಲ. ಸುಗ್ಗಿ ಆದ ಮೇಲೆ ಅವನ ಚಕ್ಕಡಿ ನಮ್ಮ ಬಾಗಿಲಿಗೆ ಬರುತ್ತಿತ್ತು, ಜೋಳ ಇಳಿಸುತ್ತಿದ್ದರು, ಕಡಲೆ ಇಳಿಸುತ್ತಿದ್ದರು. ಏಳನೇ ಇಯತ್ತೆ ಮುಗಿದಾಗ ನನ್ನನ್ನು ಒಬ್ಬ ಟೇಲರನ ಕೈಕೆಳಗೆ ಬಿಟ್ಟವನು ಮಾವ. ಕೆಲಸ ಕೈಗೆ ಹತ್ತಿದ ಮೇಲೆ ಹೊಲಿಗೆ ಮಷಿನ್ ಕೊಡಿಸಿ, ಬಸ್ ಸ್ಟ್ಯಾಂಡಿನ ಬಾಜೂಕೆ ಅಂಗಡಿ ಹಾಕಿಸಿದವನೂ ಅವನೇ.

ನಾನು ಅವನಿಗೆ 'ನೀ' ಅನ್ನುತ್ತಿದ್ದೆ. ಅಪ್ಪನಿಗೆ ಅನ್ನುವ ಹಾಗೆ.

ಮಾವನ ಮಗಳನ್ನು ನನಗೇ ಕೊಡುವುದೆಂದು ನಾವಿಬ್ಬರೂ ಚಿಕ್ಕವರಿದ್ದಾಗಿನಿಂದ ಮಾತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಆ ಮಾತಿಗೆ ಕಾಲ ಕೂಡಿ ಬಂತು. ದೀಪಾವಳಿ ಕಳೆದ ಮೇಲೆ ಮದುವೆ ಅಂತಾಯಿತು. ಅತ್ತೆ ಗದಗಿನಿಂದ ರವಿಕೆಗೆಂದು ಖಣದ ತುಂಡುಗಳನ್ನು ತಂದು ನನ್ನ ಅಂಗಡಿಯಲ್ಲೇ ಇಟ್ಟಿದ್ದಳು. "ನಿನ್ನ ಹೇಣ್ತಿ ಕುಬಸ ನೀನ ಹೊಲಿ, ಮತ್ತೊಬ್ಬರ ಕೈಗೆ ಯಾಕ ಕೊಡೂದು" ಅಂದಿದ್ದಳು. ನಾನು ನಾಚಿಕೊಂಡೇ ಅವನ್ನು ಕತ್ತರಿಸಿ, ಬೇರೆ ಗಿರಾಕಿಗಳ ಬಟ್ಟೆಯ ಜೊತೆ ಬೆರೆಯದ ಹಾಗೆ ಬಿಳಿ ಅರಿವೆಯಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೆ.

ಆ ಬೇಸಿಗೆಯಲ್ಲಿ ಅತ್ತೆಗೆ ರಕ್ತಸ್ರಾವ ನಿಲ್ಲಲಿಲ್ಲ. ನಮ್ಮೂರ ಡಾಕ್ಟರರು ಕೈಚೆಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಒಂದು ಖಾಸಗಿ ದವಾಖಾನೆಯಲ್ಲಿ ಗರ್ಭಕೋಶ ತೆಗೆಯಬೇಕೆಂದರು. ಮಾವ ಅಲ್ಲಿಂದ ನೇರವಾಗಿ ನನ್ನ ಅಂಗಡಿಗೆ ಬಂದ. ಬಿಸಿಲಲ್ಲಿ ಬಂದವನ ಮುಖ ಕೆಂಪಾಗಿತ್ತು.

"ಅಳಿಯಾ, ನಾಳೆ ನಿಮ್ಮತ್ತಿ ಆಪರೇಶನ್ ಐತಿ. ರಕ್ತ ಬೇಕಂತ. ನಂದು ಹೊಂದಂಗಿಲ್ಲ ಅಂದ್ರು. ನಿಂದೊಂದು ನೋಡಸೂಣು, ಬಾ."

"ನಡಿ ಮಾವಾ" ಅಂದೆ. ಮಷಿನ್ ಮೇಲೆ ಅರಿವೆ ಮುಚ್ಚಿ, ಬಾಗಿಲು ಹಾಕಿ ಅವನ ಹಿಂದೆ ಹೊರಟೆ.

ನನ್ನ ರಕ್ತ ಹೊಂದಿತು. ಒಂದು ಮಂಚದ ಮೇಲೆ ಮಲಗಿಸಿ ಗಾಜಿನ ಬಾಟಲಿಗೆ ರಕ್ತ ಇಳಿಸಿಕೊಂಡರು. ಮಾವ ಪಕ್ಕದಲ್ಲೇ ನಿಂತು ನನ್ನ ತಲೆ ಸವರುತ್ತಿದ್ದ. ಎದ್ದ ಮೇಲೆ ಚಹಾ, ಬಿಸ್ಕಿಟು ತಂದುಕೊಟ್ಟ. ಆ ರಕ್ತವನ್ನು ಏನೇನು ಪರೀಕ್ಷೆ ಮಾಡುತ್ತಾರೆಂದು ನನಗೆ ಯಾರೂ ಹೇಳಲಿಲ್ಲ. ಗುಂಪು ನೋಡುತ್ತಾರೆ, ಅಷ್ಟೇ ಅಂದುಕೊಂಡಿದ್ದೆ. ಆಪರೇಶನ್ ಸುಸೂತ್ರವಾಯಿತು ಅಂತ ಮರುದಿನ ಸುದ್ದಿ ಬಂದಾಗ, ಖರೇ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಹೆಣ್ಣು ಕೊಡುವ ಅತ್ತೆಯ ಮೈಯಲ್ಲಿ ನನ್ನ ರಕ್ತ ಹರಿಯುತ್ತಿದೆ ಎಂದು ಮಷಿನ್ ತುಳಿಯುತ್ತ ಎಷ್ಟೋ ಸಲ ನೆನೆದಿದ್ದೇನೆ. ಅವ್ವನೂ ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬಂದಿದ್ದಳು.

ಅತ್ತೆ ಶಲವಡಿಗೆ ಮರಳಿದ ಮೇಲೆ ನೋಡಲು ಹೋದೆವು. ಅವ್ವ ಸಜ್ಜಕ ಮಾಡಿ ಡಬ್ಬಿಯಲ್ಲಿ ಒಯ್ದಿದ್ದಳು. ಅತ್ತೆ ಮಲಗಿದ್ದ ಕೋಣೆಯ ಹೊಸ್ತಿಲಲ್ಲೇ ಮಾವ ನನಗೆ ಅಡ್ಡ ಬಂದ. "ಆಕಿ ಮಲಗ್ಯಾಳ. ನೀ ಹೊರಗ ಕುಂದ್ರು" ಅಂದ. ಅವ್ವನನ್ನು ಮಾತ್ರ ಒಳಗೆ ಬಿಟ್ಟ. ಬಾಣಂತಿ ಕೋಣೆಯ ಹಾಗೆ ಏನೋ ಇರಬೇಕು, ಗಂಡಸರು ಹೋಗಬಾರದೇನೋ ಅಂದುಕೊಂಡು ಪಡಸಾಲೆಯಲ್ಲಿ ಕುಳಿತೆ. ಊಟಕ್ಕೆ ಏಳು ಎಂದು ಯಾರೂ ಅನ್ನಲಿಲ್ಲ. ತವರಿನಿಂದ ಊಟವಿಲ್ಲದೆ ಮರಳಿದ್ದು ಅದೇ ಮೊದಲು ಎಂದು ಅವ್ವ ಬಸ್ಸಿನಲ್ಲಿ ಅಂದಳು. ಆಮೇಲೆ ಅವಳೇ, "ಪಾಪ, ಜಡ್ಡಿನ ಮನಿ. ಯಾರಿಗೆ ಲಕ್ಷ್ಯ ಇರತೈತಿ" ಅಂತ ತಮ್ಮನ ಪರವಾಗಿ ಸಮಾಧಾನ ಹೇಳಿಕೊಂಡಳು.

ಕಾರಹುಣ್ಣಿಮೆಗೆ ಇನ್ನೂ ಕೆಲವು ದಿನ ಇದ್ದಾಗ ಮಾವನ ಮನೆಯ ಆಳು ಬಂದ. ಮದುವೆಯ ಖಣಗಳನ್ನು ವಾಪಸ್ ಕೊಡಬೇಕಂತೆ ಅಂದ.

"ಕತ್ತರಿಸೇನಲ್ಲೋ" ಅಂದೆ.

"ಹೆಂಗ ಅದಾವ ಹಂಗ ತರಾಕ ಹೇಳ್ಯಾರ್ರೀ."

ಸುತ್ತಿಟ್ಟಿದ್ದ ಗಂಟನ್ನು ಇಳಿಸಿ ಕೊಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಚೀಲದ ಬಾಯಿ ಅಗಲಿಸಿ, "ಇದರಾಗ ಒಗೀರಿ" ಅಂದ. ನಾನು ಒಗೆದೆ. ಆಗಲೂ ನನಗೆ ಹೊಳೆಯಲಿಲ್ಲ. ಅತ್ತೆಯೇ ಹೊಲಿಸಬೇಕೆಂದಿರಬಹುದು, ಹುಡುಗಿಗೆ ಬೇರೆ ತೋಳು ಬೇಕಾಗಿರಬಹುದು ಅಂತ ಏನೇನೋ ಕಾರಣ ಹುಡುಕಿದೆ. ಕೆಲವು ದಿನ ಬಿಟ್ಟು ಮಾವ ಅವ್ವನಿಗೆ ಹೇಳಿಕಳಿಸಿದ: ಜಾತಕ ತೋರಿಸಿದ್ದೆವು, ಕೂಡಿ ಬರುವುದಿಲ್ಲವಂತೆ, ಈ ಮಾತು ಇಲ್ಲಿಗೆ ಬಿಡೋಣ. ನಮ್ಮ ಮನೆಗಳಲ್ಲಿ ಯಾರೂ ಜಾತಕ ಬರೆಸಿದ್ದೇ ಇಲ್ಲ. ಅವ್ವ ಅವತ್ತು ಒಲೆ ಹಚ್ಚಲಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರಲೇಬೇಕು. ಅಪ್ಪ ಸತ್ತ ವರ್ಷವೂ ಮಾವ ತಪ್ಪಿಸಿರಲಿಲ್ಲ. ಅವ್ವ ಮದುವೆ ಮುರಿದ ಸಿಟ್ಟನ್ನೆಲ್ಲ ಬದಿಗಿಟ್ಟು, ಶೇಂಗಾ ಉಂಡೆ, ಎಳ್ಳುಂಡೆ ಕಟ್ಟಿ, ಸೀರೆ ಮಡಿಸಿ ಚೀಲದಲ್ಲಿಟ್ಟು, ರಸ್ತೆ ಕಾಣುವ ಕಟ್ಟೆಯ ಮೇಲೆ ಕುಳಿತಳು. ನವಲಗುಂದದ ಬಸ್ಸು ಬಂದಾಗಲೊಮ್ಮೆ ಎದ್ದು ನಿಲ್ಲುತ್ತಿದ್ದಳು. ಓಣಿಯ ಹೆಂಗಸರು, "ಇನ್ನೂ ಹೋಗಿಲ್ಲೇನ್ ಬೇ?" ಅಂತ ಕೇಳಿದರೆ, "ಬರತಾನ, ಬರತಾನ" ಅನ್ನುತ್ತಿದ್ದಳು. ಅವನು ಬರಲಿಲ್ಲ. ಹಬ್ಬ ಮುಗಿದ ಮೇಲೆ ಆ ಉಂಡೆಗಳನ್ನು ಎದುರು ಮನೆಯವರಿಗೆ ಕೊಟ್ಟಳು. ಅವರು ತೆಗೆದುಕೊಳ್ಳಲಿಲ್ಲ. ಸಿಹಿ ಬೇಡ, ಡಾಕ್ಟರು ಬ್ಯಾಡ ಅಂದಾರ ಎಂದರಂತೆ.

ಅಷ್ಟರಲ್ಲಿ ನನ್ನ ಅಂಗಡಿಯೂ ಖಾಲಿಯಾಗತೊಡಗಿತ್ತು. ಮೊದಲು ಕುಬಸದ ಹೆಂಗಸರು ಬಿಟ್ಟರು. ಆಮೇಲೆ ಶಾಲೆಯ ಅಂಗಿ ಚೊಣ್ಣದವರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಅರ್ಧಕ್ಕೇ ವಾಪಸ್ ಕೇಳುವವರು ಬಂದರು. ಒಬ್ಬ ಮುದುಕಿ ಮಾತ್ರ ಬಾಯಿಬಿಟ್ಟು ಹೇಳಿದಳು: "ನೀ ದಾರ ಬಾಯಾಗ ತೋಯಿಸಿ ಸೂಜಿಗಿ ಪೋಣಸ್ತೀ ಅಲ್ಲೊ ತಮ್ಮಾ. ಅದಕ ಬ್ಯಾಡ." ಯಾವ ಟೇಲರ ಹಾಗೆ ಪೋಣಿಸುವುದಿಲ್ಲ ಎಂದು ನನಗೆ ನಗು ಬಂತು. ಎದುರಿನ ಹೋಟೆಲಿನವನು, "ಇನ್ನ ಮ್ಯಾಲೆ ನಿನ್ನ ಲೋಟ ನೀ ತಗೊಂಡು ಬಾ, ಹಾಕಿ ಕೊಡ್ತೇನಿ" ಅಂದಾಗ ಆ ನಗು ಹೋಯಿತು. ಅವನ ಕಪಾಟಿನಲ್ಲಿ ತೊಳೆದಿಟ್ಟ ಲೋಟಗಳು ಸಾಲಾಗಿ ಕಾಣುತ್ತಿದ್ದವು.

ಚೌತಿಯ ಹೊತ್ತಿಗೆ ಮಾವನ ಮಗಳಿಗೆ ಗದಗಿನ ಒಂದು ಅನುಕೂಲಸ್ಥ ಮನೆಯಲ್ಲಿ ನಿಶ್ಚಯವಾಯಿತು ಎಂದು ಬೇರೆಯವರ ಬಾಯಿಂದ ತಿಳಿಯಿತು.

ನನಗೆ ಕಡೆಗೂ ವಿಷಯ ಹೇಳಿದವನು ಕಟಿಂಗ್ ಅಂಗಡಿಯ ಗೆಳೆಯ. ನಾವಿಬ್ಬರೂ ಒಂದೇ ಇಯತ್ತೆಯಲ್ಲಿ ಶಾಲೆ ಬಿಟ್ಟವರು. ದಸರೆಗೆ ಮುಂಚೆ ದಾಡಿ ಮಾಡಿಸಲು ಹೋಗಿ ಖುರ್ಚಿಯಲ್ಲಿ ಕುಳಿತೆ. ಅವನು ಕೊರಳಿಗೆ ಅರಿವೆ ಸುತ್ತಲಿಲ್ಲ, ನೀರು ಚಿಮುಕಿಸಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹಿಂದೆ ನಿಂತಿದ್ದ.

"ಏನಾತಲೇ?" ಅಂದೆ.

"ನೀ ಮನ್ಯಾಗ ಮಾಡ್ಕೋ. ಹೊಸಾ ಬ್ಲೇಡ್ ಕೊಡ್ತೇನಿ ತಗೊಂಡು ಹೋಗು."

"ಯಾಕ?"

ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. "ನಿನಗ ಖರೇನ ಗೊತ್ತಿಲ್ಲೇನು? ನಿಮ್ಮತ್ತಿಗೆ ರಕ್ತ ಕೊಟ್ಟಿದ್ದಿಯಲ್ಲ, ಅದರಾಗ ಆ ರೋಗ ಐತಿ ಅಂತ ಬಂದೈತಂತ. ಪೇಪರಿನಾಗ ಬರಾಕತ್ತೈತಲ್ಲ. ಏಡ್ಸ್."

"ಯಾರ ಹೇಳಿದ್ರು ನಿನಗ?"

"ಶಲವಡಿಯಾವ್ರು ಎಲ್ಲಾರೂ ಅಂತಾರ." ಮೆಲ್ಲಗೆ ಅಂದ, "ನಿಮ್ಮ ಮಾವನ ಹೇಳ್ಯಾನಂತ."

ಆ ರೋಗದ ಬಗ್ಗೆ ಆಗ ನಮಗೆ ಗೊತ್ತಿದ್ದದ್ದು ಎರಡೇ ಮಾತು: ಕೆಟ್ಟ ಹೆಂಗಸರ ಸಹವಾಸದಿಂದ ಬರುತ್ತದೆ, ಬಂದರೆ ಬದುಕುವುದಿಲ್ಲ. ಮೊದಲನೆಯದು ನನ್ನಲ್ಲಿ ಇರಲಿಲ್ಲ. ಆದರೂ ಮನೆಗೆ ಹೋಗುವ ದಾರಿಯಲ್ಲಿ ನನ್ನ ಬದುಕನ್ನೆಲ್ಲ ಜಾಲಾಡಿದೆ. ಜ್ವರ ಬಂದಾಗ ಕಂಪೌಂಡರ್ ಕುದಿಸಿದ ಸೂಜಿಯಲ್ಲಿ ಎಲ್ಲರಿಗೂ ಚುಚ್ಚುತ್ತಿದ್ದದ್ದು ನೆನಪಾಯಿತು. ನನ್ನ ಮಷಿನ್ನಿನ ಸೂಜಿ ಬೆರಳಿಗೆ ಹೊಕ್ಕಿದ್ದು ನೆನಪಾಯಿತು. ರೋಗದ ಹೆದರಿಕೆಗಿಂತ ಬೇರೊಂದು ವಿಚಾರ ಎದೆಯಲ್ಲಿ ಕುಳಿತಿತ್ತು. ನನ್ನ ರಕ್ತದ ಸುದ್ದಿ ಮಾವನಿಗೆ ಗೊತ್ತು, ಶಲವಡಿಯ ಕಟ್ಟೆಗೆ ಗೊತ್ತು, ಹೋಟೆಲಿನವನಿಗೆ, ಆ ಮುದುಕಿಗೆ, ಉಂಡೆ ಬೇಡವೆಂದ ಎದುರು ಮನೆಯವರಿಗೆ ಗೊತ್ತು. ನಾನೊಬ್ಬನೇ ಉಳಿದಿದ್ದೆ. ನಾನು ಸಾಯುತ್ತೇನೆಂದು ನಂಬಿದ್ದ ಮನುಷ್ಯ ನನಗೆ ಔಷಧಕ್ಕೆ ಹೋಗು ಅಂತ ಕೂಡ ಹೇಳಿರಲಿಲ್ಲ.

ಅವ್ವನಿಗೆ ಹೇಳದೆ ಮರುದಿನ ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಹೋದೆ. ಆಪರೇಶನ್ ಮಾಡಿದ ಡಾಕ್ಟರರು ಸಿಗಲು ಮಧ್ಯಾಹ್ನವಾಯಿತು. ಕೆಟ್ಟವರಲ್ಲ ಅವರು. ಮೆತ್ತಗೆ ಮಾತಾಡುತ್ತಿದ್ದರು, ಕೂರಲು ಖುರ್ಚಿ ತೋರಿಸಿದರು. ಅತ್ತೆಯ ಹೆಸರು ಹೇಳಿ, ರಕ್ತ ಕೊಟ್ಟವನು ನಾನು ಅಂದಾಗ ನೆನಪು ಮಾಡಿಕೊಂಡರು.

"ಹೌದು ಹೌದು. ನಿಮ್ಮ ರಕ್ತ ನಾವು ಉಪಯೋಗ ಮಾಡ್ಲಿಲ್ಲ. ಅವರಿಗೆ ಬ್ಯಾರೆ ರಕ್ತ ಹಾಕಿದ್ವಿ. ನಿಮ್ಮ ಮಾವ ಹೇಳಿರಬೇಕಲ್ಲ?"

"ಏನೂ ಹೇಳಿಲ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಕ್ತ ಕೊಡುವವರಿಗೆಲ್ಲ ಆ ರೋಗದ ಪರೀಕ್ಷೆ ಮಾಡಬೇಕೆಂದು ಈಗಷ್ಟೇ ಶುರುವಾಗಿದೆ, ನಿಮ್ಮದರಲ್ಲಿ ಇದೆ ಅಂತ ತೋರಿಸಿತು, ಅವತ್ತೇ ನಿಮ್ಮ ಮಾವನನ್ನು ಕರೆದು ಹೇಳಿದೆ ಎಂದರು.

"ಸಾಹೇಬ್ರ, ನನ್ನ ರಕ್ತಾರೀ ಅದು. ನಾ ಅಲ್ಲೇ ಬಾಜೂ ಖೋಲ್ಯಾಗ ಚಾ ಕುಡ್ಯಾಕತ್ತಿದ್ನಿ. ನನಗ ಯಾಕ ಹೇಳ್ಲಿಲ್ರಿ?"

"ನೋಡಪಾ, ನೀ ಸಣ್ಣಾವ. ಹೇಳಿದ್ರ ಏನರ ಮಾಡ್ಕೊಂಡಿ ಅಂತ ಅಂಜಿಕಿ. ಕ್ಯಾನ್ಸರ್ ಇದ್ರೂ ನಾವು ಪೇಶಂಟ್‌ಗೆ ಹೇಳಂಗಿಲ್ಲ, ಮನಿ ಹಿರ್ಯಾರಿಗೆ ಹೇಳ್ತೇವಿ. ಮೊದಲಿಂದ ಹಂಗ ನಡದೈತಿ."

ಪರೀಕ್ಷೆಗೆ ನನ್ನನ್ನು ಕೇಳಿರಲಿಲ್ಲ, ಫಲಿತಾಂಶಕ್ಕೆ ನನ್ನನ್ನು ಕರೆದಿರಲಿಲ್ಲ. ಎರಡೂ ಅವರಿಗೆ ತಪ್ಪು ಅನಿಸಿರಲಿಲ್ಲ. ಆಗ ಅವರೇ ಮುಂದುವರಿಸಿದರು.

"ಆದ್ರ ಈಗ್ಯಾಕ ಚಿಂತಿ ಮಾಡ್ತಿ? ಮೊದಲನೇ ಪರೀಕ್ಷೆ ಒಮ್ಮೊಮ್ಮೆ ತಪ್ಪು ತೋರಸ್ತೈತಿ. ಖಾತ್ರಿ ಮಾಡ್ಕೊಳ್ಳಾಕ ಅದ ರಕ್ತಾನ ದೊಡ್ಡ ಲ್ಯಾಬಿಗೆ ಕಳಿಸಿದ್ವಿ. ಅಲ್ಲಿಂದ ನಿನಗ ಏನೂ ಇಲ್ಲ ಅಂತ ಬಂದೈತಿ. ಅದನ್ನೂ ನಿಮ್ಮ ಮಾವಗ ಹೇಳೇನಲ್ಲ."

"ಯಾವಾಗ ಹೇಳಿದ್ರಿ?"

"ಅವರು ಹೇಣ್ತೀನ ಎರಡನೇ ಸಲ ತೋರ್ಸಾಕ ಕರಕೊಂಡು ಬಂದಾಗ. ಕಾರಹುಣ್ಣಿವಿ ಮುಗಿಸಿ ಬಂದೇವಿ ಅಂತಿದ್ರು ನೋಡು."

ಕಾರಹುಣ್ಣಿಮೆ. ಪಂಚಮಿಗೂ ಮುಂಚೆ. ಚೌತಿಯ ನಿಶ್ಚಯಕ್ಕಂತೂ ಎಷ್ಟೋ ಮುಂಚೆ. ನನಗೆ ರೋಗವಿಲ್ಲ ಎಂದು ಕೇಳಿ ಸಂತೋಷವಾಗಬೇಕಿತ್ತು. ಮಾವನಿಗೆ ಗೊತ್ತಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತು ಬಸ್ಸು ಕಾಯುತ್ತಿದ್ದಾಗ ಅವನಿಗೆ ಗೊತ್ತಿತ್ತು.

"ಇನ್ನೊಮ್ಮೆ ನೋಡ್ರಿ. ಈ ಸಲ ಏನ್ ಬಂದ್ರೂ ನನಗ ಹೇಳ್ರಿ. ನನಗೊಬ್ಬಂಗ" ಅಂದೆ. ಡಾಕ್ಟರರು ನನ್ನ ಮುಖ ನೋಡಿ ತಲೆಯಾಡಿಸಿದರು. ಮತ್ತೆ ರಕ್ತ ಕೊಟ್ಟು ಬಂದೆ. ಕೆಲವು ವಾರದ ಮೇಲೆ ಹೋದಾಗ ಅವರು ಬಾಗಿಲು ಹಾಕಿಕೊಂಡು, ನಿಂತುಕೊಂಡೇ, "ಏನೂ ಇಲ್ಲಪಾ" ಅಂದರು. ಅವತ್ತು ಆಚೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಹೋಗಿಬರುವವರು ಯಾರೋ ಸತ್ತಿರಬೇಕೆಂದು ನನ್ನನ್ನು ಸುತ್ತುಹಾಕಿ ಹೋದರು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಎದ್ದು ಸೀರೆ ಬದಲಿಸಿ, "ನಡಿ ಶಲವಡಿಗೆ ಹೋಗೂಣು" ಅಂದಳು.

ಮಾವ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅಕ್ಕನನ್ನು ಕಂಡು ಎದ್ದ. ನನ್ನನ್ನು ಕಂಡು ಹಗ್ಗವನ್ನು ಕೆಳಗೆ ಬಿಟ್ಟ. ಮದುವೆಗೆ ಸುಣ್ಣ ಬಳಿದಿದ್ದ ಗೋಡೆ ಇನ್ನೂ ಹಸಿಯಾಗಿ ವಾಸನೆ ಬರುತ್ತಿತ್ತು. ಮಾವನ ಮಗಳು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಬಂದವಳು, ನಾವು ಯಾರೆಂದು ತಿಳಿದು ಅಲ್ಲೇ ನಿಂತಳು.

"ಮಾವಾ, ಹುಬ್ಬಳ್ಳಿಗೆ ಹೋಗಿದ್ನಿ" ಅಂದೆ. "ಕಾರಹುಣ್ಣಿವಿ ಆದ ಮ್ಯಾಲೆ ಡಾಕ್ಟರ್ರು ನಿನಗ ಏನ್ ಹೇಳಿದ್ರು?"

ಅವನು ಬಗ್ಗಿ ಬಿದ್ದ ಹಗ್ಗವನ್ನು ಎತ್ತಿಕೊಂಡ.

"ನನಗ ಏನೂ ಇಲ್ಲ ಅಂತ ಹೇಳಿದ್ರೋ ಇಲ್ಲೋ?"

"ಹೇಳಿದ್ರು" ಅಂದ.

ಬಾಗಿಲಲ್ಲಿದ್ದವಳು ತಂಬಿಗೆಯನ್ನು ನೆಲಕ್ಕೆ ಇಟ್ಟಳು. "ಅಪ್ಪಾ, ನಿನಗ ಗೊತ್ತಿತ್ತೇನು?" ಅಂದಳು. ನನಗೆ ರೋಗವಿಲ್ಲ ಎಂಬುದನ್ನು ಅವಳಿಗೂ ಹೇಳಿರಲಿಲ್ಲ ಎಂದು ಆ ಮಾತಿನಿಂದಲೇ ನನಗೆ ತಿಳಿಯಿತು. ನಾನು ಸಾಯುವವನೆಂದು ಅಳುತ್ತ ಅವಳು ಗದಗಿನ ಮದುವೆಗೆ ಒಪ್ಪಿದ್ದಳಂತೆ. ಇದು ಬಹಳ ಕಾಲದ ಮೇಲೆ ಗೊತ್ತಾದ ಮಾತು.

"ನೀ ಒಳಗ ಹೋಗು" ಎಂದು ಮಾವ ಮಗಳಿಗೆ ಹೇಳಿದ. ಆಮೇಲೆ ಅವ್ವನ ಕಡೆ ತಿರುಗಿದ. "ಅಕ್ಕಾ, ಕೇಳಿಲ್ಲೆ. ಹುಡುಗನ್ನ ಯಾಕ ಬಿಟ್ಟಿ ಅಂತ ಹಿರ್ಯಾರು ಕೇಳಿದ್ರು. ಸುಳ್ಳ ಹೇಳಾಕ ಬರ್ತಿರಲಿಲ್ಲ, ಹೇಳಿಬಿಟ್ನಿ. ಯಾರ ಮುಂದೂ ಆಡಬ್ಯಾಡ್ರಿ ಅಂತನ ಹೇಳಿದ್ನಿ. ಆಮ್ಯಾಲೆ ಡಾಕ್ಟರ್ರು ಹಿಂಗಂದ್ರು. ಮತ್ತ ಹೋಗಿ ಅದ ಕಟ್ಟಿ ಮ್ಯಾಲೆ ಕುಂತು, ಇಲ್ಲ, ಅದು ತಪ್ಪು ಅಂತ ಹೆಂಗ ಹೇಳ್ಲಿ? ಗದಗಿನಾವ್ರು ಬಂದು ಹುಡುಗೀನ ನೋಡಿ ಹೋಗಿದ್ರು. ನನ್ನ ಮಾತಿಗೆ ಏನ್ ಕಿಮ್ಮತ್ ಉಳೀತಿತ್ತು?"

"ನಿನ್ನ ಮಾತಿನ ಕಿಮ್ಮತ್ ಉಳೀತು" ಅಂದಳು ಅವ್ವ. "ನನ್ನ ಮಗಂದು?"

ಮಾವ ನನ್ನ ಹೆಗಲ ಮೇಲೆ ಕೈಯಿಡಲು ಬಂದ. ಎಷ್ಟೋ ತಿಂಗಳ ಮೇಲೆ ನನ್ನನ್ನು ಮುಟ್ಟಲು ಬಂದ ಕೈ ಅದು. "ಹೋಗ್ಲಿ ಬಿಡು ಅಳಿಯಾ. ಈಗ ನಿನಗೇನೂ ಇಲ್ಲಲ್ಲ. ದೇವರು ದೊಡ್ಡಾಂವ" ಅಂದ.

ನಾನು ಹಿಂದೆ ಸರಿದೆ. "ಇದ್ದಿದ್ರ ಏನ್ ಮಾಡತಿದ್ರಿ?" ಅಂತ ಕೇಳಿದೆ.

ಅದುವರೆಗೆ ನನ್ನ ಬಾಯಲ್ಲಿ ಅವನಿಗೆ 'ರಿ' ಬಂದಿರಲಿಲ್ಲ. ಅವನೂ ಅದನ್ನು ಗಮನಿಸಿದ. ಕಣ್ಣು ಕೆಳಗಾಯಿತು. ಅದೇ ಪ್ರಶ್ನೆಯನ್ನು ಆಮೇಲೆ ನಾನು ಎಷ್ಟೋ ಸಲ ನನ್ನೊಳಗೇ ಕೇಳಿಕೊಂಡಿದ್ದೇನೆ. ರೋಗವಿಲ್ಲ ಎಂಬ ಮಾತಿನಿಂದ ನಾನು ಪಾರಾದೆ. ಖರೇನೇ ಇದ್ದವನಾಗಿದ್ದರೆ ಅದೇ ಅಂಗಳದಲ್ಲಿ ಕೇಳಲು ನನಗೆ ಬಾಯಿಯೇ ಇರುತ್ತಿರಲಿಲ್ಲ. ಆಗ ಮಾವ ಮಾಡಿದ್ದೆಲ್ಲ ಸರಿ ಅನ್ನಿಸಿಕೊಳ್ಳುತ್ತಿತ್ತು. ನನ್ನ ರಕ್ತದಲ್ಲಿ ಏನೇ ಇದ್ದರೂ ಅವನು ಮಾಡಿದ್ದು ಅದೇ ಕೆಲಸ, ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದು, ಗಂಟನ್ನು ಚೀಲದಲ್ಲಿ ಒಗೆಸಿದ್ದು. ಇದನ್ನು ಊರಿನವರಿಗೆ ವಿವರಿಸಲು ನನಗೆ ಬರಲಿಲ್ಲ. ಈಗಲೂ ಅಷ್ಟಾಗಿ ಬರುವುದಿಲ್ಲ.

ಮದುವೆ ನಿಲ್ಲಲಿಲ್ಲ. ನಿಲ್ಲಿಸು ಅಂತ ನಾವು ಕೇಳಲೂ ಇಲ್ಲ. ಗದಗಿನ ಹುಡುಗನದೇನೂ ತಪ್ಪಿರಲಿಲ್ಲ. ದೀಪಾವಳಿ ಕಳೆದು, ಗೊತ್ತುಮಾಡಿದ ತಿಂಗಳಿನಲ್ಲೇ ಅವಳು ಹೋದಳು.

ಅಣ್ಣಿಗೇರಿಯಲ್ಲಿ ನನಗೆ ಏನೂ ಇಲ್ಲ ಎಂಬ ಸುದ್ದಿ ಹರಡಲಿ ಎಂದು ಕಾದೆ. ಕಟಿಂಗ್ ಅಂಗಡಿಯ ಗೆಳೆಯ ತನಗೆ ತಿಳಿದ ಹಾಗೆ ಸಾರಿದ. ಒಂದು ದಿನ ಅಂಗಡಿ ತುಂಬ ಜನವಿದ್ದಾಗ ನನ್ನನ್ನು ಕರೆದು ಕೂರಿಸಿ, ಎಲ್ಲರೆದುರು ತನ್ನದೇ ಕತ್ತಿಯಿಂದ ದಾಡಿ ಮಾಡಿದ. ಕುಳಿತಿದ್ದವರಲ್ಲಿ ಒಬ್ಬ ಎದ್ದುಹೋದ. ಉಳಿದವರು ಕುಳಿತರು. ಆದರೆ ಹೋದ ಗಿರಾಕಿಗಳು ಬರಲಿಲ್ಲ. ರೋಗದ ಮಾತು ಕೇಳಿದಾಗ ಯಾರೂ ಪುರಾವೆ ಕೇಳಿರಲಿಲ್ಲ. ಇಲ್ಲ ಅಂದಾಗ, "ಡಾಕ್ಟರ್ರು ಏನರ ಹೇಳತಾರ್ರಿ" ಎಂದು ತಲೆಯಾಡಿಸಿದರು. ಮಾವ ಶಲವಡಿಯ ಕಟ್ಟೆಯ ಮೇಲೆ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನ ಮಾತನ್ನು ಜನ ನಂಬುತ್ತಿದ್ದರು. ಅವನು ಆಡಲಿಲ್ಲ.

ವರ್ಷ ತುಂಬುವುದರೊಳಗೆ ನಾವು ಕುಂದಗೋಳಕ್ಕೆ ಹೋದೆವು. ಅಲ್ಲಿ ನಮ್ಮ ಗುರುತು ಯಾರಿಗೂ ಇರಲಿಲ್ಲ. ಅಣ್ಣಿಗೇರಿ ಬಿಡುವಾಗ ಮಾವ ಕೊಡಿಸಿದ ಮಷಿನ್ನನ್ನು ಅಲ್ಲೇ ಬಿಟ್ಟು ಹೋಗಬೇಕು ಅಂತ ಸಿಟ್ಟಿನಲ್ಲಿ ಅಂದುಕೊಂಡಿದ್ದೆ. ಹೊಟ್ಟೆಪಾಡು ಬಿಡಲಿಲ್ಲ, ಹೇರಿಕೊಂಡು ಹೋದೆ. ರೈಲು ಸ್ಟೇಶನ್ನಿನ ದಾರಿಯಲ್ಲಿ ಸಣ್ಣ ಅಂಗಡಿ ಸಿಕ್ಕಿತು. ಅಲ್ಲಿಯೇ ಒಂದು ಬಡ ಮನೆಯ ಹುಡುಗಿಯನ್ನು ಮದುವೆಯಾದೆ. ಮದುವೆಗೆ ಮುಂಚೆ ಅವಳಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ನಿಮ್ಮವ್ವ ಮತ್ತ ತವರಿಗೆ ಹೋದ್ಳೇನ್ರಿ?" ಎಂದು ಅದೊಂದನ್ನೇ ಕೇಳಿದಳು.

ಅವ್ವ ಹೋಗಲಿಲ್ಲ. ಮುಂದಿನ ಪಂಚಮಿಗೆ ಮಾವ ಕುಂದಗೋಳದವರೆಗೂ ಬಂದಿದ್ದ. ಟವೆಲ್ಲಿನಲ್ಲಿ ಖಣ, ಕೊಬ್ಬರಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತ. ಅವ್ವ ಒಳಗೆ ಕರೆದಳು, ಊಟಕ್ಕೆ ಹಾಕಿದಳು, ಹೋಳಿಗೆಗೆ ತುಪ್ಪ ಬಡಿಸಿದಳು. ಅವನು ಕೈತೊಳೆದು, "ನಡಿಯಕ್ಕಾ" ಅಂದಾಗ, "ಹೋದ ವರ್ಷ ತಯಾರಾಗಿ ಕುಂತಿದ್ನೆಪಾ. ಈ ವರ್ಷ ಆಗಂಗಿಲ್ಲ" ಅಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಮಾವ ಖಣವನ್ನು ದೇವರ ಜಗುಲಿಯ ಮೇಲಿಟ್ಟು ಹೋದ. ಅವನು ತೀರಿಕೊಂಡಾಗ ಅವ್ವ, ನಾನು ಇಬ್ಬರೂ ಹೋಗಿ ಮಣ್ಣು ಕೊಟ್ಟು ಬಂದೆವು. ನಾನು ಅಳಲಿಲ್ಲ. ನನ್ನನ್ನು ಸಾಕಿದ ಮಾವ ನನ್ನ ಪಾಲಿಗೆ ಆ ಬೇಸಿಗೆಯಲ್ಲೇ ಹೋಗಿದ್ದ. ಅವನು ತಲೆ ಸವರಿದ್ದು ನೆನಪಾದಾಗ ಮಾತ್ರ ಇವತ್ತಿಗೂ ಸಂಕಟವಾಗುತ್ತದೆ. ಅವನು ಸುಳ್ಳು ಪ್ರೀತಿ ತೋರಿಸಿದ್ದನೆಂದು ನನಗೆ ಅನಿಸುವುದಿಲ್ಲ. ಅನಿಸಿದ್ದರೆ ಹಗುರವಾಗುತ್ತಿತ್ತೇನೋ.

ಬಹಳ ವರ್ಷ ಕಳೆದ ಮೇಲೆ ನನ್ನ ಮಗಳು ಬಸುರಿಯಾಗಿ ತವರಿಗೆ ಬಂದಳು. ತಾಲೂಕು ದವಾಖಾನೆಗೆ ಕರೆದುಕೊಂಡು ಹೋದೆ. ಬಸುರಿಯರಿಗೆಲ್ಲ ರಕ್ತದ ಪರೀಕ್ಷೆಗಳ ಜೊತೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುವುದು ಅಷ್ಟರಲ್ಲಿ ರೂಢಿಯಾಗಿತ್ತು. ಒಂದು ಸಣ್ಣ ಕೋಣೆಯಲ್ಲಿ ಸಮಾಲೋಚಕಿಯೊಬ್ಬಳು ಕುಳಿತಿದ್ದಳು. ನಾನೂ ಮಗಳ ಹಿಂದೆ ಒಳಗೆ ಹೋದೆ.

"ಈ ಪರೀಕ್ಷೆ ಎಲ್ಲಾರಿಗೂ ಮಾಡ್ತೇವ್ರಿ, ನಿಮ್ಮೊಬ್ಬರಿಗೇ ಅಲ್ಲ" ಎಂದು ಆಕೆ ಮಗಳಿಗೆ ಹೇಳಿದಳು. "ಬ್ಯಾಡ ಅನ್ನಾಕೂ ನಿಮಗ ಹಕ್ಕೈತಿ. ಏನ್ ಬಂದ್ರೂ ನಿಮಗಷ್ಟ ಹೇಳ್ತೇವಿ." ಆಮೇಲೆ ನನ್ನ ಕಡೆ ನೋಡಿ, "ಅಪ್ಪಾರ, ನೀವು ಸ್ವಲ್ಪ ಹೊರಗ ಕುಂದರ್ರಿ" ಅಂದಳು.

ಹೊರಗಿನ ಬಾಕಿನ ಮೇಲೆ ನನ್ನಂಥ ಮತ್ತೊಬ್ಬ ಹಿರಿಯ ಕುಳಿತಿದ್ದ. ಸೊಸೆಯನ್ನು ಕರೆತಂದವನು. "ಮನಿ ಯಜಮಾನ ನಾನು. ನನಗ ಹೊರಗ ಹಾಕ್ಯಾರ ನೋಡ್ರಿ. ಏನ್ ಬಂತು ಅಂತ ನನಗ ಹೇಳಬೇಕಿಲ್ಲೇನು?" ಅಂತ ಗೊಣಗಿದ. ಒಂದು ಪ್ರಶ್ನೆ, ಒಂದು ಮುಚ್ಚಿದ ಬಾಗಿಲು. ಇಷ್ಟು ಸಣ್ಣ ಕೆಲಸಕ್ಕೆ ಏನೂ ಬೇಕಿರಲಿಲ್ಲವಲ್ಲ, ಅವತ್ತೂ ಮಾಡಬಹುದಿತ್ತಲ್ಲ ಎಂದು ಹಳೆಯ ಸಿಟ್ಟು ಮತ್ತೆ ಬಂತು.

ಮಗಳು ಹೊರಗೆ ಬಂದಳು. ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದಳು. ನಾನು ಏನೂ ಕೇಳಲಿಲ್ಲ. "ಹಸಿವ್ಯಾಗೇತಪ್ಪಾ" ಅಂದಳು. ಎದುರಿನ ಹೋಟೆಲಿಗೆ ಹೋಗಿ ಇಬ್ಬರೂ ಮಿರ್ಚಿ ಬಜಿ ತಿಂದೆವು.